ಮೂತಿಯ ಭಾರ

ನವೆಂಬರ್ 28, ಗುರುವಾರ

ಈ ಪುಸ್ತಕ ತಂದದ್ದು ಅಳತೆ ಬರೆದಿಡಲಿಕ್ಕೆ. ಆದರೆ ಇವತ್ತು ಅಳೆಯುವಂಥದ್ದು ಏನೂ ಇಲ್ಲ.

ಬೆಳಿಗ್ಗೆ ಹೆಂಡತಿ ನಬೀಸುವನ್ನು ಮಂಗಳೂರು ಏರ್‌ಪೋರ್ಟಿಗೆ ಬಿಟ್ಟು ಬಂದೆ. ಮಗಳು ಶಾಹಿನಾಳಿಗೆ ಹೆರಿಗೆ ಹತ್ತಿರ ಬಂತು. ಶಾರ್ಜಾದಲ್ಲಿ ಅವಳು, ಅವಳ ಗಂಡ ಜಂಶೀರ್ ಇಬ್ಬರೇ. ಹೆತ್ತ ಉಮ್ಮ ಹೋಗದೆ ಆಗುತ್ತದಾ? ಬರುವುದು ಫೆಬ್ರವರಿ ಇಪ್ಪತ್ತಮೂರಕ್ಕೆ, ಉಪವಾಸದ ತಿಂಗಳಿಗೆ ಸ್ವಲ್ಪ ಮೊದಲು.

ಇಪ್ಪತ್ತನಾಲ್ಕು ವರ್ಷ ಅವಳು ನನ್ನನ್ನು ಅಲ್ಲಿಗೆ ಬಿಡಲು ಬಂದವಳು. ಇವತ್ತು ಮೊದಲ ಸಲ ನಾನು ಗಾಜಿನ ಈಚೆ ನಿಂತೆ. ಇಲ್ಲಿಂದ ಕೈ ಬೀಸಿದರೆ ಒಳಗಿನವರಿಗೆ ಕಾಣುವುದಿಲ್ಲ. ಒಳಗಿದ್ದ ನನಗೆ ಯಾವತ್ತೂ ಕಂಡದ್ದಿಲ್ಲ. ಆದರೂ ಬೀಸಿದೆ.

ನಾನು ಶಾರ್ಜಾ ಬಿಟ್ಟು ಶಿರಿಯದ ಈ ಮನೆಗೆ ಬಂದು ನಾಲ್ಕು ತಿಂಗಳು ಆಗಿದೆ ಅಷ್ಟೆ. ಅಲ್ಲಿ ಒಂದು ಕೋಣೆಯಲ್ಲಿ ಎಂಟು ಜನ ಮಲಗುತ್ತಿದ್ದೆವು. ಒಬ್ಬ ಗೊರಕೆ ನಿಲ್ಲಿಸಿದರೆ ಇನ್ನೊಬ್ಬ ಶುರು ಮಾಡುತ್ತಿದ್ದ. ಇಲ್ಲಿ ಫ್ರಿಜ್ಜಿನ ಸದ್ದು ಮಾತ್ರ. ನಬೀಸುವಿಗೆ ಒಬ್ಬಳೇ ಇದ್ದು ಅಭ್ಯಾಸ ಉಂಟು, ನನಗೆ ಇಲ್ಲ. ಮೂರು ತಿಂಗಳು ಹೇಗೆ ಹೋಗುವುದೋ!

ಆದರೆ ಕೆಲಸ ಉಂಟು. ಗುಟ್ಟಿನ ಕೆಲಸ. ಅದಕ್ಕೇ ಈ ಪುಸ್ತಕ. ಬ್ಯಾರಿ ಭಾಷೆ ನಮಗೆ ಮಾತಾಡಲಿಕ್ಕೆ. ಬರೆಯಲು ಕೈಗೆ ಬರುವುದು ಕುಂಬಳೆ ಶಾಲೆಯ ಕನ್ನಡವೇ.

ನವೆಂಬರ್ 30

ಟ್ರೇಲರ್ ಬಂತು. ಬೇಕಲದ ಕಡೆ ಒಂದು ರೆಸಾರ್ಟಿನ ಹಿತ್ತಿಲಲ್ಲಿ ನಿಂತುಕೊಂಡಿದ್ದದ್ದು. ಅವರಿಗೆ ಬೇಡವಾಯಿತು, ನನಗೆ ಬೇಕಾಯಿತು. ಎರಡು ಮಂಚ, ಒಂದು ಮೇಜು, ನಾಲ್ಕು ಕಿಟಕಿ. ಸೀತಾಂಗೋಳಿಯ ಮೆರ್ವಿನ್‌ನ ವರ್ಕ್‌ಶಾಪಿಗೆ ತಂದು ಇಳಿಸಿದೆವು. ಮೆರ್ವಿನ್‌ನ ಮನೆ ಶಿರಿಯದಲ್ಲಿ ನಮ್ಮ ಮನೆಗೆ ಎದುರೇ. ಮೊದಲು ವ್ಯಾನ್ ಓಡಿಸುತ್ತಿದ್ದ, ಈಗ ಇಲ್ಲಿ ಗೇಟು, ಗ್ರಿಲ್ಲು ಮಾಡುತ್ತಾನೆ.

ವೆಲ್ಡಿಂಗ್ ಕನ್ನಡಕ ಹಣೆಗೆ ಏರಿಸಿ ಟ್ರೇಲರಿಗೆ ಒಂದು ಸುತ್ತು ಬಂದ.

"ಇದೆಂತ ಅಬ್ದುಲ್ಲಾಕ, ಐಸ್‌ಕ್ರೀಮ್ ಗಾಡಿಯಾ?"

"ಮನೆ ಮಾರಾಯ. ಚಕ್ರ ಇರುವ ಮನೆ."

"ಚಕ್ರ ಇಲ್ಲದ ಮನೆಯಲ್ಲಿ ಕೂರಲಿಕ್ಕೇ ನಿಮಗೆ ಇಷ್ಟು ವರ್ಷ ಪುರುಸೊತ್ತು ಇರಲಿಲ್ಲ!"

ನಗುತ್ತಾ ಹೇಳಿದ್ದು. ನಾನೂ ನಕ್ಕೆ.

ಅವನಿಗೆ ಎಲ್ಲ ಹೇಳಿದೆ. ಶಾರ್ಜಾದಲ್ಲಿ ನಾನು ಡ್ರೈವರ್ ಆಗಿದ್ದ ಮನೆಯವರು ಚಳಿಗಾಲ ಬಂತೆಂದರೆ ಮರುಭೂಮಿಗೆ ಹೋಗಿ ವಾರಗಟ್ಟಲೆ ಇರುತ್ತಿದ್ದರು. ದೊಡ್ಡ ಜೀಪಿನ ಹಿಂದೆ ಇಂಥ ಮನೆ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದವನು ನಾನು. ಒಂದು ವರ್ಷ ಅಲ್ಲಿಂದ ನಬೀಸುವಿಗೆ ಫೋನು ಮಾಡಿ, "ಒಂದು ದಿನ ನಿನ್ನನ್ನೂ ಹೀಗೆ ಕರೆದುಕೊಂಡು ಹೋಗ್ತೇನೆ" ಎಂದಿದ್ದೆ. ಅವಳು "ಹೂಂ" ಅಂದಿದ್ದಳು. ಅದು ಮಾತು ಕೊಟ್ಟ ಹಾಗೆಯೇ ಅಲ್ಲವಾ?

ಅವಳು ಬರುವಾಗ ಇದು ಅಂಗಳದಲ್ಲಿ ನಿಂತಿರಬೇಕು. ಮೊದಲು ಗೋವಾ, ಆಮೇಲೆ ಊಟಿ, ಮುಂದಿನ ವರ್ಷ ಕಾಶ್ಮೀರ.

ಡಿಸೆಂಬರ್ 4

ಮೊದಲ ಅಳತೆ. ನನ್ನ ಬೊಲೆರೋ ಜೀಪಿನ ಮುಂದಿನ ಚಕ್ರದ ಮೇಲೆ, ಮಡ್‌ಗಾರ್ಡಿನ ಅಂಚು ನೆಲದಿಂದ ಎಂಬತ್ತು ಸೆಂಟಿಮೀಟರ್. ಟ್ರೇಲರ್ ಸಿಕ್ಕಿಸಿದ ಮೇಲೆ ಎಂಬತ್ತನಾಲ್ಕು. ಹಿಂಬದಿ ಕುಸಿದು ಕೂತಿತು, ಮುಂಬದಿ ಎದ್ದಿತು. ಲೈಟು ಹಾಕಿದರೆ ಬೆಳಕು ತೆಂಗಿನ ಮರದ ಮಂಡೆಗೆ.

"ಬೊಂಡ ಕೊಯ್ಯಲಿಕ್ಕೆ ಒಳ್ಳೆದು" ಎಂದ ಮೆರ್ವಿನ್.

ನಗುವ ವಿಷಯ ಅಲ್ಲ. ಮುಂದಿನ ಚಕ್ರದ ಮೇಲೆ ಭಾರ ಇಲ್ಲದಿದ್ದರೆ ಸ್ಟೇರಿಂಗ್ ಹಗುರ ಆಗುತ್ತದೆ, ಬ್ರೇಕು ಹಿಡಿಯುವುದಿಲ್ಲ. ಅದಕ್ಕೇ ಭಾರ ಹಂಚುವ ಹಿಚ್ ಬೇಕು. ಹಿಚ್ ಎಂದರೆ ಜೀಪಿಗೂ ಟ್ರೇಲರಿಗೂ ನಡುವಿನ ಕೊಂಡಿ. ಸಾದಾ ಕೊಂಡಿಯಾದರೆ ಟ್ರೇಲರಿನ ಮೂತಿಯ, ಅಂದರೆ ಕೊಂಡಿಗೆ ಸಿಕ್ಕಿಸುವ ಮುಂತುದಿಯ, ಭಾರವೆಲ್ಲ ಜೀಪಿನ ಹಿಂಬದಿಗೆ ಬೀಳುತ್ತದೆ. ಭಾರ ಹಂಚುವ ಹಿಚ್ಚಿಗೆ ಎರಡು ಉಕ್ಕಿನ ಸರಳುಗಳಿರುತ್ತವೆ. ಅವು ಬಿಲ್ಲಿನ ಹಾಗೆ ಬಗ್ಗಿ ನಿಂತು ಸ್ವಲ್ಪ ಭಾರವನ್ನು ಜೀಪಿನ ಮುಂದಿನ ಚಕ್ರಕ್ಕೂ ಸ್ವಲ್ಪವನ್ನು ಟ್ರೇಲರಿನ ಚಕ್ರಕ್ಕೂ ದಾಟಿಸುತ್ತವೆ.

ನನ್ನ ಉಪ್ಪ ಕಾವಡಿಯಲ್ಲಿ ಶಿರಿಯದಿಂದ ಸೀತಾಂಗೋಳಿಯವರೆಗೆ ಮೀನು ಹೊತ್ತು ಮಾರಿದವರು. ಮುಂದಿನ ಬುಟ್ಟಿ ಖಾಲಿಯಾಗುತ್ತಾ ಬಂದರೆ ಹಿಂದಿನದರಿಂದ ಎರಡು ಹಿಡಿ ಬೂತಾಯಿ ತೆಗೆದು ಮುಂದಕ್ಕೆ ಹಾಕುತ್ತಿದ್ದರು. ಇದೂ ಅದೇ ವಿದ್ಯೆ. ಉಕ್ಕಿನಲ್ಲಿ ಮಾಡಿದ್ದು, ಅಷ್ಟೆ.

ನನ್ನಲ್ಲಿ ಸರಳುಗಳು ಉಂಟು. ಊರಿಗೆ ಹೊರಟಾಗ ಅರಬ್ಬಿ ಯಜಮಾನ ತನ್ನ ಹಳೆಯ ಹಿಚ್ಚನ್ನೇ ಕೊಟ್ಟಿದ್ದ. ಎಲ್ಲಕ್ಕಿಂತ ದೊಡ್ಡ ಸೈಜು. ಕಾರ್ಗೋದಲ್ಲಿ ಹಾಕಿ ತಂದಿದ್ದೇನೆ. ದೊಡ್ಡದಿದ್ದರೆ ಚಿಂತೆ ಇಲ್ಲ.

ಡಿಸೆಂಬರ್ 9

ನಬೀಸು ಫೋನು ಮಾಡಿದಳು. ಎರಡು ನಿಮಿಷ. ಶಾಹಿನಾಳ ಕಾಲು ಬಾತಿದೆಯಂತೆ, ಅಲ್ಲಿ ಮೀನು ರುಚಿ ಇಲ್ಲವಂತೆ. "ನೀವು ಉಂಡಿರಾ?" "ಉಂಡೆ." ಇಟ್ಟಳು. ಇಷ್ಟು ದೂರದಿಂದ ಮಾಡಿದವಳು ಸ್ವಲ್ಪ ಹೆಚ್ಚು ಮಾತಾಡಬಾರದಾ?

ಸಂಜೆ ಒಂದು ತಮಾಷೆ. ಮನೆಯೆದುರಿನ ಸಿಟೌಟಿನ ದೀಪ ಸುಮ್ಮನೆ ಯಾಕೆ ಉರಿಯಬೇಕೆಂದು ಹಾಕದೆ ಒಳಗೆ ಕೂತಿದ್ದೆ. ಮಸೀದಿಯಲ್ಲಿ ಇಶಾ ಬಾಂಗ್ ಆದದ್ದೇ ಮೆರ್ವಿನ್‌ನ ಹೆಂಡತಿ ಆನ್ಸಿಲ್ಲಾಬಾಯಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಎಂತಾಯ್ತು? ಎಂತಾಯ್ತು?"

"ಎಂತ ಆಗಲಿಲ್ಲವಲ್ಲ."

"ಮತ್ತೆ ದೀಪ ಯಾಕೆ ಹಾಕ್ಲಿಲ್ಲ?"

ಅದು ಅವರಿಬ್ಬರ ನಡುವಿನ ಏರ್ಪಾಡಂತೆ. ಸಂಜೆ ನಬೀಸು ದೀಪ ಹಾಕಿದರೆ ಎಲ್ಲ ಸರಿ ಉಂಟು ಎಂದರ್ಥ. ಹಾಕದಿದ್ದರೆ ಇವರು ಬಂದು ನೋಡಬೇಕು. ಎಷ್ಟು ವರ್ಷದಿಂದ ಎಂದು ಕೇಳಿದೆ. "ಯಾರಿಗೆ ನೆನಪುಂಟು?" ಎಂದು ನನಗೊಂದು ಪ್ಲೇಟು ಬಂಗುಡೆ ಸಾರು ಕಳಿಸಿದರು.

ಹೆಂಗಸರ ಸಂಗತಿ. ದೀಪ ಹಾಕಿದೆ.

ಡಿಸೆಂಬರ್ 15

ಇವತ್ತು ಅಡಿಗೆಕಟ್ಟೆ. ಟ್ರೇಲರಿನ ಮುಂಬದಿಯಲ್ಲಿ, ಕಿಟಕಿಯ ಕೆಳಗೆ. ಮೆರ್ವಿನ್ ಅಲ್ಯೂಮಿನಿಯಂ ಶೀಟು ಸಾಕೆಂದ. ನಾನು ಕೇಳಲಿಲ್ಲ. ಕರಿ ಗ್ರಾನೈಟ್ ಹಾಕಿಸಿದೆ, ಮುಖ ನೋಡಬಹುದು. ಎರಡು ಬರ್ನರಿನ ಒಲೆ, ಸಿಲಿಂಡರಿಗೆ ಜಾಗ, ಮಿಕ್ಸಿಗೆ ಪ್ಲಗ್ಗು, ಪಾತ್ರೆ ಇಡಲು ಕಪಾಟು.

"ಇದನ್ನು ಎಳೆಯುವುದು ಜೀಪು, ರೈಲಲ್ಲ" ಎಂದ ಮೆರ್ವಿನ್.

"ಅವಳು ನೋಡಿ ಖುಷಿ ಪಡ್ತಾಳೆ. ಬೇಕಾದಲ್ಲಿ ನಿಲ್ಲಿಸಿ ಬೇಕಾದ್ದು ಮಾಡಬಹುದು."

"ಯಾರು ಮಾಡುವುದು?"

ಇದೆಂಥ ಪ್ರಶ್ನೆ!

ಡಿಸೆಂಬರ್ 21

ಹೆಣ್ಣು ಮಗು. ಅಲ್‌ಹಮ್ದುಲಿಲ್ಲಾ. ಫೋನಿನಲ್ಲಿ ತೋರಿಸಿದರು. ಮುಖ ಕೆಂಪು, ಮುಷ್ಟಿ ಬಿಗಿ. ನಬೀಸುವಿನ ಕೈ ಮಾತ್ರ ಕಂಡಿತು, ಮಗುವಿನ ತಲೆಯ ಕೆಳಗೆ.

ಶಾಹಿನಾ ಹುಟ್ಟಿದಾಗ ನಾನು ಅಲ್ಲಿದ್ದೆ. ಈ ಮಗು ಅಲ್ಲಿ ಹುಟ್ಟಿತು, ನಾನು ಇಲ್ಲಿದ್ದೇನೆ. ಹೇಳುವಾಗ ನಗು ಬರುತ್ತದೆ. ಹೇಳಲು ಯಾರಾದರೂ ಬೇಕಲ್ಲ ಎಂದು ಮೆರ್ವಿನ್‌ನ ಮನೆಗೆ ಹೋದೆ. ಅವರು ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿಗಳನ್ನು ಮಾಡುತ್ತಿದ್ದರು. ಕಿಡಿಯೋ ಕೊಟ್ಟರು. ಅಜ್ಜನಾದದ್ದಕ್ಕೆ ಎಂದು ಇನ್ನೆರಡು ಕೊಟ್ಟರು.

ಡಿಸೆಂಬರ್ 29

ಇವತ್ತು ಸಾಯುತ್ತಿದ್ದೆ. ಮೆರ್ವಿನ್‌ನನ್ನೂ ಕೊಲ್ಲುತ್ತಿದ್ದೆ.

ಯಜಮಾನನ ಸರಳು ಹಾಕಿ ಮೊದಲ ಸವಾರಿ. ಮಡ್‌ಗಾರ್ಡ್ ಎಂಬತ್ತಕ್ಕಿಂತಲೂ ಕೆಳಗೆ, ಎಪ್ಪತ್ತೆಂಟಕ್ಕೆ ಬಂತು. ಒಳ್ಳೆಯದೇ ಎಂದುಕೊಂಡೆ. ರಸ್ತೆಗೆ ಇಳಿದರೆ ಒಂದೊಂದು ಹೊಂಡಕ್ಕೂ ಟ್ರೇಲರ್ ಕಪ್ಪೆಯ ಹಾಗೆ ಹಾರುತ್ತದೆ. ಸೀತಾಂಗೋಳಿಯ ಇಳುಕಲಿನಲ್ಲಿ ಜಲ್ಲಿ ಚೆಲ್ಲಿತ್ತು. ಬ್ರೇಕು ಒತ್ತಿದೆ. ಬೊಲೆರೋದ ಹಿಂಬದಿ ನೆಲ ಬಿಟ್ಟ ಹಾಗೆ ಎಡಕ್ಕೆ ಜಾರಿತು. ಎದುರಿಂದ ಬಸ್ಸು. ಹೇಗೆ ಬದಿಗೆ ತಂದೆನೋ ದೇವರಿಗೇ ಗೊತ್ತು.

ಮೆರ್ವಿನ್ ಸ್ವಲ್ಪ ಹೊತ್ತು "ದೇವಾ ಸಾಯ್ಬಾ, ದೇವಾ ಸಾಯ್ಬಾ" ಎನ್ನುತ್ತಾ ಕೂತಿದ್ದ. ಆಮೇಲೆ ಇಳಿದು ಸರಳು ನೋಡಿದ.

"ಇದು ಬಗ್ಗುವುದೇ ಇಲ್ಲ ಅಬ್ದುಲ್ಲಾಕ. ಆನೆಯನ್ನು ಕಟ್ಟುವ ಸರಪಳಿ ಆಡಿಗೆ ಹಾಕಿದ ಹಾಗಾಯ್ತು. ಹಿಂದಿನ ಚಕ್ರದ ಭಾರವನ್ನೆಲ್ಲ ಎತ್ತಿಬಿಟ್ಟಿದೆ."

ಸರಿಯೇ. ಸರಳು ಸಣ್ಣದಾದರೆ ಭಾರ ದಾಟುವುದಿಲ್ಲ, ದೊಡ್ಡದಾದರೆ ಅಗತ್ಯಕ್ಕಿಂತ ಹೆಚ್ಚು ದಾಟುತ್ತದೆ. ಶಾರ್ಜಾದಲ್ಲಿ ನಾನು ಎಳೆಯುತ್ತಿದ್ದದ್ದು ಮಕ್ಕಳು ಮರಿ, ಆಳುಕಾಳು, ಹದಿನೈದು ಜನರ ಸಾಮಾನು. ಇಲ್ಲಿ ಇಬ್ಬರು. ನನ್ನ ಪಕ್ಕದಲ್ಲಿ ಇದ್ದದ್ದು ಮೆರ್ವಿನ್. ನಬೀಸು ಇದ್ದಿದ್ದರೆ?

ಜನವರಿ 3

ಜಂಶೀರ್‌ಗೆ ಮಾತ್ರ ಗುಟ್ಟು ಹೇಳಿದೆ. ಶಾರ್ಜಾದ ಅಂಗಡಿಯಿಂದ ಸರಳುಗಳ ಫೋಟೋ ಕಳಿಸಿದ. ನನ್ನದಕ್ಕಿಂತ ಕಡಿಮೆಯದ್ದು ಎರಡು ಉಂಟು, ನಡುವಿನದ್ದು ಮತ್ತು ಸಣ್ಣದು.

"ಮಾವ, ಯಾವುದು ಕಳಿಸಲಿ? ಅಂಗಡಿಯವ ಮೂತಿಯ ಭಾರ ಎಷ್ಟೆಂದು ಕೇಳ್ತಾನೆ. ಖಾಲಿ ಗಾಡಿಯದ್ದಲ್ಲ, ಸಾಮಾನು ಎಲ್ಲ ತುಂಬಿದ ಮೇಲಿನದ್ದು. ತಿಂಗಳ ಕೊನೆಯ ಕಾರ್ಗೋಕ್ಕೆ ಹಾಕಿದರೆ ಉಮ್ಮ ಬರುವ ಮೊದಲು ಸಿಗ್ತದೆ. ಅದು ತಪ್ಪಿದರೆ ಇಲ್ಲ."

ಎಲ್ಲ ತುಂಬಿದ ಮೇಲಿನದ್ದು. ಸುಲಭ. ಗಲ್ಫಿನಲ್ಲಿದ್ದವನಿಗೆ ತೂಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮೂವತ್ತು ಕಿಲೋದ ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿ ನೋಡಿಯೇ ಇಪ್ಪತ್ತೊಂಬತ್ತೂವರೆ ಎಂದು ಹೇಳುತ್ತಿದ್ದೆ. ತೂಗುವ ಕೊಕ್ಕೆ ತೆಗೆದು ನನ್ನ ಸಾಮಾನೆಲ್ಲ ತೂಗಿದೆ. ಬಟ್ಟೆ, ಹೊದಿಕೆ, ಟೂಲ್ಸು, ಜ್ಯಾಕು, ಶೇವಿಂಗ್ ಡಬ್ಬಿ: ಮೂವತ್ತೊಂದು ಕಿಲೋ.

ನಾಳೆ ಅವಳದ್ದು.

ಜನವರಿ 6

ಎರಡು ದಿನದಿಂದ ಒಂದು ಪುಟ ಖಾಲಿ ಉಂಟು. ಮೇಲೆ "ನಬೀಸುಮ್ಮ" ಎಂದು ಬರೆದಿದ್ದೇನೆ. ಕೆಳಗೆ ಏನೂ ಇಲ್ಲ.

ಅವಳು ಎಷ್ಟು ಜೊತೆ ಬಟ್ಟೆ ತೆಗೆದುಕೊಳ್ಳುತ್ತಾಳೆ? ಗೊತ್ತಿಲ್ಲ. ನಾವು ಒಟ್ಟಿಗೆ ಪ್ರವಾಸ ಹೋದದ್ದಿಲ್ಲ. ದಪ್ಪ ತಲೆದಿಂಬು ಬೇಕಾ, ತೆಳ್ಳಗಿನದ್ದಾ? ಮಂಚದಲ್ಲಿ ಎರಡೂ ಉಂಟು. ರಾತ್ರಿ ಚಳಿ ಆಗುವ ದೇಹವಾ, ಸೆಕೆ ಆಗುವ ದೇಹವಾ? ನಾನು ರಜೆಯಲ್ಲಿ ಬರುತ್ತಿದ್ದದ್ದು ಮಳೆಗಾಲದಲ್ಲಿ, ಈ ಸಲ ಬಂದದ್ದೂ ಮಳೆಗಾಲದಲ್ಲೇ. ಆಗ ಎಲ್ಲರಿಗೂ ಚಳಿಯೇ.

ಕೊನೆಗೆ ಅವಳ ಕಪಾಟು ತೆರೆದೆ. ನಾನು ಕಳಿಸಿದ ಸೀರೆ, ಸೆಂಟು, ಫ್ಲಾಸ್ಕು. ಇವನ್ನೆಲ್ಲ ಅವತ್ತೇ ತೂಗಿ ಕಳಿಸಿದ್ದೆ, ತೂಕ ಈಗಲೂ ಬಾಯಿಪಾಠ. ಅವಳು ತಾನಾಗಿ ಏನು ತೆಗೆದುಕೊಳ್ಳುತ್ತಾಳೆ ಎನ್ನುವುದು ಅದರಲ್ಲಿ ಇಲ್ಲ.

ಮಂಚದ ಅಡಿಯಲ್ಲಿ ಒಂದು ಕಂದು ಬ್ಯಾಗು ಸಿಕ್ಕಿತು. ತುಂಬಿ ಜಿಪ್ ಎಳೆದದ್ದು. ಶಾರ್ಜಾಕ್ಕೆ ಹೋಗುವಾಗ ಮರೆತು ಹೋದಳಾ ಎಂದು ಹೆದರಿ ತೆರೆದೆ. ಎರಡು ಬೆಡ್‌ಶೀಟು, ಒಂದು ಜೊತೆ ಬಟ್ಟೆ, ಸ್ಟೀಲಿನ ತಟ್ಟೆ, ಲೋಟ, ಚಮಚ, ಟಾರ್ಚು, ರಸ್ಕಿನ ಪ್ಯಾಕೆಟು, ಕೈಬೀಸಣಿಗೆ. ರಬ್ಬರ್ ಹಾಕಿದ ರೇಷನ್ ಕಾರ್ಡಿನ, ಆಧಾರಿನ ಕಾಪಿಗಳು. ಒಂದು ರಟ್ಟಿನ ಮೇಲೆ ಫೋನ್ ನಂಬರು. ಮೊದಲನೆಯದು ಮೆರ್ವಿನ್. ಎರಡು ಆನ್ಸಿಲ್ಲಾ. ಮೂರು ಅವಳ ತಮ್ಮ. ನಾಲ್ಕು ಕುಂಬಳೆಯ ಡಾಕ್ಟರು. ಐದನೆಯದು ನನ್ನದು, ಶಾರ್ಜಾದ ನಂಬರು.

ಆರೂವರೆ ಕಿಲೋ. ಬರೆದುಕೊಂಡೆ. ಇದೆಂತ ಬ್ಯಾಗು ಎಂದು ಮಾತ್ರ ಗೊತ್ತಾಗಲಿಲ್ಲ.

ಜನವರಿ 7

ಮೆರ್ವಿನ್‌ನನ್ನು ಕೇಳಿದೆ. ಅವನು ಕೈಯ ಕೆಲಸ ನಿಲ್ಲಿಸಲಿಲ್ಲ.

"ಕಂದು ಬ್ಯಾಗಾ? ಅದು ಆಸ್ಪತ್ರೆ ಬ್ಯಾಗು."

"ಯಾರ ಆಸ್ಪತ್ರೆ?"

ಆಗ ನಿಲ್ಲಿಸಿದ. "ನಿಮ್ಮ ಉಮ್ಮನಿಗೆ ಉಬ್ಬಸ ಜಾಸ್ತಿಯಾದಾಗೆಲ್ಲ ಮಂಗಳೂರಿಗೆ ಕರ್ಕೊಂಡು ಹೋದದ್ದು ನನ್ನ ವ್ಯಾನಿನಲ್ಲೇ ಅಲ್ವಾ? ನಾಲ್ಕು ಸಲ. ಶಾಹಿನಾಳಿಗೆ ಡೆಂಗಿ ಬಂದಾಗ ಒಂದು ಸಲ. ಮೊದಲನೆಯ ಸಲ ನಬೀಸಕ್ಕ ಏನೂ ಹಿಡ್ಕೊಳ್ಳದೆ ಉಟ್ಟ ಬಟ್ಟೆಯಲ್ಲೇ ಬಂದದ್ದು. ಅಲ್ಲಿ ನೀರು ಕುಡಿಯಲಿಕ್ಕೆ ಲೋಟ ಸಹ ಇರ್ಲಿಲ್ಲ. ಆಮೇಲೆ ಬ್ಯಾಗು ಕಟ್ಟಿ ಇಟ್ರು. ನಾನು ಹಾರ್ನ್ ಹಾಕುವಷ್ಟರಲ್ಲಿ ಗೇಟಿನ ಹತ್ತಿರ ನಿಂತಿರ್ತಿದ್ರು, ಬ್ಯಾಗು ಹಿಡ್ಕೊಂಡು." ನನ್ನ ಮುಖ ನೋಡಿ, "ನಿಮಗೆ ಹೇಳ್ಲಿಲ್ವಾ?"

ಹೇಳಿದ್ದಾಳೆ. "ಉಮ್ಮನಿಗೆ ಸ್ವಲ್ಪ ಹುಷಾರಿರಲಿಲ್ಲ, ಈಗ ಆರಾಮ ಉಂಟು" ಎಂದು. ನಾನು "ಆಯ್ತು" ಎಂದು ಮುಂದಿನ ಕಾರ್ಗೋದಲ್ಲಿ ಹಾರ್ಲಿಕ್ಸ್ ಕಳಿಸಿದ್ದೇನೆ.

ಉಮ್ಮ ತೀರಿ ಎಂಟು ವರ್ಷ ಆಯಿತು. ಶಾಹಿನಾ ಮದುವೆಯಾಗಿ ಹೋಗಿ ನಾಲ್ಕು. ಬ್ಯಾಗು ಇನ್ನೂ ಯಾರಿಗೆ ಎಂದು ಮೆರ್ವಿನ್‌ನಲ್ಲಿ ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅದರಲ್ಲಿದ್ದದ್ದು ಹೆಂಗಸಿನ ಒಂದು ಜೊತೆ ಬಟ್ಟೆ, ಒಂದು ಲೋಟ.

ಜನವರಿ 8

ಟಾರ್ಚಿನ ಸೆಲ್ಲು ಸತ್ತಿತ್ತು. ಹೊಸದು ಹಾಕಿದೆ. ರಸ್ಕು ಹಳೆಯದಾಗಿತ್ತು, ಬದಲಿಸಿದೆ. ಐದನೆಯ ನಂಬರು ಈಗ ನಡೆಯುವುದಿಲ್ಲ. ಅದನ್ನು ಹೊಡೆದು ಪಕ್ಕದಲ್ಲಿ ಈಗಿನದ್ದು ಬರೆದೆ. ಬ್ಯಾಗನ್ನು ಇದ್ದಲ್ಲೇ ಇಟ್ಟೆ. ದೀಪ ಹಾಕಿದೆ.

ಜನವರಿ 15

ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಇಡೀ ಟ್ರೇಲರ್ ತೂಗಿಸಿದೆ, ಗುಜರಿ ಅಂಗಡಿಯ ತಕ್ಕಡಿಯಲ್ಲಿ ಮೂತಿ ತೂಗಿದೆ. ಅವಳ ಹೆಸರಿಗೆ ನನ್ನಷ್ಟೇ ಮೂವತ್ತೊಂದು ಕಿಲೋ ಮರಳಿನ ಚೀಲ ಇಟ್ಟಿದ್ದೆ. ಒಟ್ಟು ಸಾವಿರದ ಹತ್ತು. ಮೂತಿ ನೂರ ತೊಂಬತ್ತು. ಮೂತಿಯಲ್ಲಿ ಹತ್ತರಲ್ಲಿ ಒಂದು ಪಾಲು ಇದ್ದರೆ ಸಾಕು, ಒಂದೂವರೆ ಇದ್ದರೂ ಆದೀತು. ಇದು ಹೆಚ್ಚುಕಡಿಮೆ ಎರಡು. ಈ ಲೆಕ್ಕಕ್ಕೆ ನಡುವಿನ ಸರಳು ಬೇಕು. ಜಂಶೀರ್‌ಗೆ ಹೇಳಲು ಫೋನು ತೆಗೆದೆ.

"ಹೇಳಿ ಮಾವ."

"ಮಗು ಹೇಗುಂಟು?" ಎಂದೆ. ಸರಳಿನ ಮಾತು ಎತ್ತದೆ ಫೋನು ಇಟ್ಟೆ.

ಮರಳಿನ ಚೀಲ ತೂಗಿ ಹೆಂಡತಿಯ ಲೆಕ್ಕ ಕೊಡುವುದಾ? ಆ ಇಳುಕಲು, ಆ ಬಸ್ಸು ಕಣ್ಣಿಗೆ ಬರುತ್ತದೆ. ನನ್ನ ಪಕ್ಕದಲ್ಲಿ ಅವಳು ಕೂತಿರುತ್ತಾಳೆ.

ಜನವರಿ 19, ಭಾನುವಾರ

ಕೇಳಿಯೇಬಿಟ್ಟೆ.

"ನಬೀಸೂ, ನಾವು ನಾಲ್ಕೈದು ದಿನಕ್ಕೆ ಎಲ್ಲಾದರೂ ಹೋಗುವುದಾದರೆ ನೀನು ಎಂತೆಲ್ಲ ಹಿಡಿದುಕೊಳ್ತೀ?"

"ಯಾರಿಗೆ ಹುಷಾರಿಲ್ಲ?"

ಮೊದಲ ಮಾತೇ ಅದು. ಯಾರಿಗೂ ಏನೂ ಆಗಲಿಲ್ಲ ಎಂದು ಹೇಳಿ, ಹೇಳಿ, ಕೊನೆಗೆ ಟ್ರೇಲರಿನ ಕಥೆ ಪೂರ್ತಿ ಹೇಳಬೇಕಾಯಿತು. ಬೇಕಲ, ಸೀತಾಂಗೋಳಿ, ಗ್ರಾನೈಟ್, ಗೋವಾ, ಕಾಶ್ಮೀರ. ಬಸ್ಸಿನ ವಿಷಯ ಬಿಟ್ಟೆ. ನಾನು ಕಥೆ ಹೇಳಲು ಕೂತರೆ ಜನ ಎದ್ದು ಹೋಗುವುದಿಲ್ಲ ಎಂದು ಹೆಸರಿದ್ದವನು. ಅವಳ ಕಡೆಯಿಂದ ಒಂದು ಹೂಂ ಕೂಡ ಬರಲಿಲ್ಲ.

ಆಮೇಲೆ, "ಕಾಶ್ಮೀರಕ್ಕೆ ಬರ್ತೇನೆಂದು ನಾನು ಹೇಳಿದ್ದೆನಾ?"

"ಇಲ್ಲ. ಆದರೆ..."

"ಮಗು ಅಳ್ತಾ ಉಂಟು. ಇಡ್ತೇನೆ."

ಮಗು ಅಳುವುದು ನನಗೆ ಕೇಳಿಸಲಿಲ್ಲ.

ಜನವರಿ 20

ಫೋನು ಇಲ್ಲ.

ಜನವರಿ 21

ಇವತ್ತೂ ಇಲ್ಲ. ನಾನು ಮಾಡಿದರೆ ಶಾಹಿನಾ ಎತ್ತಿ, "ಉಮ್ಮ ಮಲಗಿದ್ದಾರೆ ಉಪ್ಪ" ಎಂದಳು. ಹಗಲು ಹನ್ನೊಂದು ಗಂಟೆಗೆ.

ಜನವರಿ 22

ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಅಲ್ಲಿಂದ ರಸ್ತೆಯ ತಿರುವು ಕಾಣುತ್ತದೆ, ಹೊಳೆಯ ಒಂದು ತುಂಡೂ ಕಾಣುತ್ತದೆ. ಕಾಯುವವರಿಗೆ ಒಳ್ಳೆಯ ಜಾಗ. ಗೇಟಿನ ಕಂಬದಲ್ಲಿ ಒಂದು ಕಡೆ ಬಣ್ಣ ಉಜ್ಜಿ ಹೋಗಿದೆ, ಭುಜದ ಎತ್ತರಕ್ಕೆ. ನನ್ನ ಭುಜಕ್ಕಿಂತ ಸ್ವಲ್ಪ ಕೆಳಗೆ.

ಜನವರಿ 24

ವಾಯ್ಸ್ ಮೆಸೇಜ್ ಬಂತು, ಶಾಹಿನಾಳ ಫೋನಿನಿಂದ. ನಬೀಸುವಿನ ಸ್ವರ. ಆರು ಸಲ ಕೇಳಿದೆ. ಕೇಳಿದ ಹಾಗೆಯೇ ಬರೆಯುತ್ತೇನೆ.

"ಹಾಂ, ಬರ್ಕೊಳ್ಳಿ. ನಮಾಜಿನ ಮುಸಲ್ಲ ಒಂದು. ಬಟ್ಟೆ ಮೂರು ಜೊತೆ. ತೆಳ್ಳಗಿನ ತಲೆದಿಂಬು. ದಪ್ಪದ್ದು ನಿಮ್ಮದು, ಇಷ್ಟು ದಿನವೂ ತಿಳಿಯಲಿಲ್ವಾ? ಒಂದು ಹುಲ್ಲಿನ ಚಾಪೆ. ಕನ್ನಡಕ. ಎಲೆ ಅಡಿಕೆ ಡಬ್ಬಿ. ಶಾಹಿನಾ ಇಲ್ಲಿ ಇಂಥದ್ದನ್ನೇ ಎಲ್ಲ ತೂಕದ ಮೆಷಿನಿಗೆ ಇಟ್ಟು ನೋಡಿದಳು, ಒಂಬತ್ತು ಕಿಲೋ. ಮಂಚದ ಅಡಿಯಲ್ಲಿ ಒಂದು ಬ್ಯಾಗು ಉಂಟು, ಅದೂ ಬರ್ಬೇಕು. ಅದನ್ನು ತೆರೆಯುವುದು ಬೇಡ."

ನಾಲ್ಕನೆಯ ಸಲ ಕೇಳುವಾಗ ಗೊತ್ತಾಯಿತು, ಇಲ್ಲಿ ಪಕ್ಕದಲ್ಲಿ ಶಾಹಿನಾ ಪಿಸುಗುಟ್ಟುತ್ತಿದ್ದಾಳೆ, "ಹೇಳು ಉಮ್ಮ, ಹೇಳು."

"ಮತ್ತೆ ಒಲೆ, ಮಿಕ್ಸಿ, ಗ್ರಾನೈಟು ಅದೆಲ್ಲ ತೆಗೀರಿ. ಅಡಿಗೆ ಮಾಡ್ಲಿಕ್ಕಾದರೆ ನಾನು ಮನೆಯಲ್ಲೇ ಇರ್ತೇನೆ. ಬರುವುದಾದರೆ ಸುಮ್ಮನೆ ಕೂರ್ಲಿಕ್ಕೆ ಬರ್ತೇನೆ. ಎಲ್ಲಿಗೆ ಹೋಗುವುದೆಂದು ನಾನು ಹೇಳ್ತೇನೆ. ನೀವು ಹೇಳ್ಬೇಡಿ."

ಬ್ಯಾಗನ್ನು ತೆರೆದಾಗಿದೆ. ಅದನ್ನು ಹೇಗೆ ಹೇಳುವುದು?

ಜನವರಿ 27

ಒಲೆ, ಸಿಲಿಂಡರು, ಮಿಕ್ಸಿ ತೆಗೆದೆವು, ಗ್ರಾನೈಟನ್ನೂ ತೆಗೆದೆವು. ಅದೊಂದೇ ನಲವತ್ತೆಂಟು ಕಿಲೋ. ಮೆರ್ವಿನ್ "ನಾನು ಹೇಳಿದ್ದೆ" ಎಂದು ಹೇಳಲಿಲ್ಲ. ಹೇಳಿದ ಹಾಗೆ ನೋಡಿದ ಅಷ್ಟೆ. ಕಲ್ಲನ್ನು ಆನ್ಸಿಲ್ಲಾಬಾಯಿಯ ಹಿತ್ತಿಲಿಗೆ ಸಾಗಿಸಿದೆವು, ಮೀನು ಕೊಯ್ಯಲಿಕ್ಕೆ ಆಯಿತು. ಕಿಟಕಿಯ ಕೆಳಗೆ ಈಗ ಖಾಲಿ. ಅಲ್ಲಿ ಇಬ್ಬರು ಕಾಲು ಚಾಚಿ ಕೂರುವಷ್ಟು ಉದ್ದದ ಬೆಂಚು ಹಾಕಲು ಹೇಳಿದೆ, ಹಗುರದ್ದು.

ಮೂವತ್ತೊಂದು ಕಿಲೋದ ಮರಳು ಚೆಲ್ಲಿ ಒಂಬತ್ತು ಕಿಲೋ ಇಟ್ಟೆ, ಅದರ ಮೇಲೆ ಕಂದು ಬ್ಯಾಗು ಇಟ್ಟೆ. ಬೆಂಚಿನ ಹಲಗೆಗಳನ್ನೂ ಇಟ್ಟು ಪುನಃ ತೂಗಿದೆ. ಒಟ್ಟು ಒಂಬೈನೂರ ಹದಿನೈದು. ಮೂತಿ ನೂರ ಇಪ್ಪತ್ತೈದು. ಬ್ಯಾಗನ್ನು ಪುನಃ ಮಂಚದ ಅಡಿಗೆ ಇಟ್ಟೆ.

ಜಂಶೀರ್‌ಗೆ ಫೋನು ಮಾಡಿದೆ. "ಸಣ್ಣದು ಸಾಕು."

"ಖಂಡಿತವಾ ಮಾವ? ಈಗ ಕಾರ್ಗೋಕ್ಕೆ ಹಾಕಿದರೆ ಬದಲಿಸ್ಲಿಕ್ಕಾಗುವುದಿಲ್ಲ."

"ಖಂಡಿತ. ಕೇಳಿ ಹೇಳ್ತಾ ಇದ್ದೇನೆ."

ಫೆಬ್ರವರಿ 14

ಸರಳು ಬಂತು. ಪೆಟ್ಟಿಗೆಯ ಮೇಲೆ ದಪ್ಪ ಮಾರ್ಕರಿನಲ್ಲಿ ಅಬ್ದುಲ್ಲ, ಶಿರಿಯ, ಕಾಸರಗೋಡು ಎಂದು ಬರೆದಿತ್ತು. ಅಷ್ಟು ವರ್ಷ ಈ ಹೆಸರು ಬರೆದು ಕಳಿಸಿದವನು ನಾನೇ, ಇನ್ನೊಬ್ಬರು ಕಳಿಸಿದ್ದನ್ನು ಬಿಚ್ಚಿದ್ದು ಇದೇ ಮೊದಲು. ಹಗ್ಗದ ಗಂಟು ಬಿಡಿಸಲು ಎಷ್ಟು ಕಷ್ಟ! ಇನ್ನು ಯಾರಿಗಾದರೂ ಕಳಿಸುವುದಾದರೆ ಇಷ್ಟು ಬಿಗಿ ಕಟ್ಟಬಾರದು.

ಮೆರ್ವಿನ್ ಮತ್ತು ನಾನು ಸಂಜೆಯೊಳಗೆ ಜೋಡಿಸಿದೆವು. ಸರಳು ಬೇಕಾದಷ್ಟೇ ಬಗ್ಗಿತು. ಮಡ್‌ಗಾರ್ಡ್ ಎಂಬತ್ತೊಂದು. ಅದೇ ಇಳುಕಲಿನಲ್ಲಿ ಬ್ರೇಕು ಒತ್ತಿ ನೋಡಿದೆವು. ಗಾಡಿ ಗಾಡಿಯ ಹಾಗೆ ನಿಂತಿತು. ಟ್ರೇಲರಿನ ಒಳಗೆ ಮೇಜಿನ ಮೇಲಿಟ್ಟ ಲೋಟ ಇದ್ದಲ್ಲೇ ಇತ್ತು.

"ಇನ್ನೂ ಒಂದು ಸೆಂಟಿಮೀಟರ್ ಹೆಚ್ಚು ಉಂಟು" ಎಂದೆ.

ಮೆರ್ವಿನ್ ಜೀಪಿನಿಂದ ಇಳಿದ ಮೇಲೆ ಅಳೆದದ್ದು. ಪಕ್ಕದ ಸೀಟು ಖಾಲಿ ಇತ್ತು.

ಫೆಬ್ರವರಿ 23

ಬಂದಳು. ಗಾಜಿನ ಈಚೆ ಎರಡು ಗಂಟೆ ಮೊದಲೇ ನಿಂತಿದ್ದೆ. ಸ್ವಲ್ಪ ಸಣಕಲಾಗಿದ್ದಾಳೆ. ಟ್ರಾಲಿಯನ್ನು ನಾನು ಹಿಡಿಯಹೋದರೆ, "ಇರಲಿ, ನನಗೆ ಆಗ್ತದೆ" ಎಂದಳು. ಸ್ವಲ್ಪ ದೂರ ಹೋಗಿ ಬಿಟ್ಟುಕೊಟ್ಟಳು.

ಅಂಗಳದಲ್ಲಿ ಟ್ರೇಲರ್ ನೋಡಿದಳು, ಒಂದು ಸುತ್ತು ಬಂದಳು. ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು. ಅಲ್ಲಿಂದಲೇ, "ಸಿಟೌಟಿನ ದೀಪ ಯಾರು ಹಾಕಿದ್ದು?" ಎಂದು ಕೇಳಿದಳು.

"ನಾನು."

"ದಿನಾ ಹಾಕ್ತೀರಾ?"

"ಹೂಂ."

ರಾತ್ರಿ ಮಲಗುವ ಮೊದಲು ಮಂಚದ ಅಡಿಯ ಬ್ಯಾಗು ಎಳೆದಳು. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಟಾರ್ಚು ಹಾಕಿದ ಬೆಳಕು ಗೋಡೆಯ ಮೇಲೆ ಬಿತ್ತು, ಆರಿತು, ಇನ್ನೊಮ್ಮೆ ಬಿತ್ತು. ರಟ್ಟು ತಿರುಗಿಸಿದ ಸದ್ದು. ಆಮೇಲೆ ಜಿಪ್ ಎಳೆದ ಸದ್ದು.

ತೆರೆಯಬೇಡಿ ಎಂದದ್ದನ್ನು ತೆರೆದದ್ದಕ್ಕೆ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

ಫೆಬ್ರವರಿ 26, ಬುಧವಾರ

ಇದನ್ನು ಮಂಜೇಶ್ವರದ ಕಣ್ವತೀರ್ಥದ ಹತ್ತಿರ, ಟ್ರೇಲರಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ನಬೀಸು ಹೊರಗೆ ಚಾಪೆ ಹಾಸಿ ಸಮುದ್ರ ನೋಡುತ್ತಾ ಎಲೆ ಅಡಿಕೆ ಹಾಕುತ್ತಿದ್ದಾಳೆ. ಸೂರ್ಯ ಇಳಿಯಲು ಇನ್ನೂ ಒಂದು ಗಂಟೆ ಉಂಟು.

ಬೆಳಿಗ್ಗೆ ಹೊರಡುವಾಗ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಟೇಪು ಹಿಡಿದು ಬಗ್ಗಿದೆ.

"ನನ್ನನ್ನೂ ತೂಗ್ತೀರಾ?"

"ನಿನ್ನನ್ನಲ್ಲ, ಜೀಪನ್ನು." ಎಂಬತ್ತು. ಸರಿಯಾಗಿ ಎಂಬತ್ತು. ಡಿಸೆಂಬರಿನಿಂದ ಹುಡುಕುತ್ತಿದ್ದ ಅಳತೆ!

ಕಂದು ಬ್ಯಾಗನ್ನು ಟ್ರೇಲರಿನಲ್ಲಿಡಲು ಕೈಚಾಚಿದೆ. ಕೊಡಲಿಲ್ಲ. "ಇದು ನನ್ನ ಕಾಲ ಹತ್ತಿರ ಇರಲಿ" ಎಂದಳು. ಎದುರಿನ ಮೆಟ್ಟಿಲಿನಲ್ಲಿ ನಿಂತಿದ್ದ ಆನ್ಸಿಲ್ಲಾಬಾಯಿಗೆ ಕೂಗಿ ಹೇಳಿದಳು, "ಇವತ್ತು ದೀಪ ಇಲ್ಲ, ಓಡಿ ಬರ್ಬೇಡಿ!" ಮೆರ್ವಿನ್ ಕೂಗಿದ, "ಅಬ್ದುಲ್ಲಾಕ, ಐಸ್‌ಕ್ರೀಮ್ ಮಾರಿ ಬನ್ನಿ!"

ರಸ್ತೆಗೆ ಬಂದು ಕೇಳಿದೆ, "ಎಡಕ್ಕಾ ಬಲಕ್ಕಾ? ಎಲ್ಲಿಗೆಂದು ನೀನು ಹೇಳ್ಲಿಲ್ಲ."

"ಮಂಗಳೂರಿಗೆ."

"ಮಂಗಳೂರಿಗಾ? ಮೊನ್ನೆಯಷ್ಟೇ ಅಲ್ಲಿಂದ ಬಂದದ್ದು. ಅಲ್ಲಿ ಎಂತ ಉಂಟು ನೋಡ್ಲಿಕ್ಕೆ?"

ಅವಳು ಕಿಟಕಿಯ ಗಾಜು ಇಳಿಸಿದಳು. "ಆ ದಾರಿಯಲ್ಲಿ ನಾನು ಎಷ್ಟು ಸಲ ಹೋಗಿದ್ದೇನೆ. ಒಂದೋ ಆಸ್ಪತ್ರೆಗೆ, ಇಲ್ಲದಿದ್ದರೆ ನಿಮ್ಮನ್ನು ಬಿಡ್ಲಿಕ್ಕೆ. ಸುಮ್ಮನೆ ಹೋದದ್ದೇ ಇಲ್ಲ. ಒಮ್ಮೆ ಸುಮ್ಮನೆ ಹೋಗುವ."

ಹೋದೆವು. ನಲವತ್ತರಲ್ಲಿ ಓಡಿಸಿದೆ. ಹಿಂದಿನವರು ಹಾರ್ನ್ ಹಾಕಿದರು, ಹಾಕಲಿ. ಬಂದ್ಯೋಡಿನಲ್ಲಿ ಬಚ್ಚಂಗಾಯಿ ಹಣ್ಣು ತಿಂದೆವು. ಉಪ್ಪಳದಲ್ಲಿ ಒಂದು ಬಟ್ಟೆಯಂಗಡಿ ತೋರಿಸಿ ಅದು ಯಾವಾಗ ಬಂತು ಎಂದು ಕೇಳಿದಳು, ನನಗೂ ಗೊತ್ತಿರಲಿಲ್ಲ. ನೇತ್ರಾವತಿ ಸೇತುವೆಯಲ್ಲಿ, "ಇಷ್ಟು ಅಗಲ ಉಂಟಾ ಈ ಹೊಳೆ?" ಎಂದಳು. ಆಸ್ಪತ್ರೆಯ ಕಡೆ ತಿರುಗುವ ರಸ್ತೆ ಬಂತು. ನಾನು ನಿಧಾನ ಮಾಡಿದೆ. ಅವಳು, "ನೇರ ಹೋಗಿ" ಎಂದಳು. ಊರಿಗೆ ಒಂದು ಸುತ್ತು ಬಂದು, ಊಟ ಮಾಡಿ, ಹಿಂದೆ ತಿರುಗಿದೆವು. ರಾತ್ರಿ ಇಲ್ಲಿ. ನಾಳೆ ಎಲ್ಲಿಗೆಂದು ಇನ್ನೂ ಹೇಳಿಲ್ಲ. ನಾನು ಕೇಳಿಲ್ಲ.

ಹಿಚ್‌ನದ್ದು ಏನೂ ತಕರಾರಿಲ್ಲ. ಎಪ್ಪತ್ತು ಕಿಲೋಮೀಟರಿಗೆ ಒಂದು ಸಲವೂ ಹಾರಲಿಲ್ಲ, ಜಾರಲಿಲ್ಲ.

ಒಂದು ಚಿಕ್ಕ ಕೆಲಸ ಮಾತ್ರ ಬಾಕಿ. ಬರುವಾಗ ನೇತ್ರಾವತಿ ಸೇತುವೆ ದಾಟಿದ ಮೇಲೆ ನಬೀಸು ಚಪ್ಪಲಿ ಕಳಚಿ, ಕಾಲ ಹತ್ತಿರದ ಬ್ಯಾಗನ್ನು ಹಿಮ್ಮಡಿಯಿಂದ ಸೀಟಿನ ಅಡಿಗೆ ತಳ್ಳಿ, ಕಾಲು ಚಾಚಿ ನಿದ್ದೆ ಹೋದಳು. ಜಾಗ ಸಾಲುತ್ತಿರಲಿಲ್ಲ ಎಂದು ಕಾಣುತ್ತದೆ. ನಾಳೆ ಬೆಳಿಗ್ಗೆ ಆ ಸೀಟನ್ನು ಸ್ವಲ್ಪ ಹಿಂದೆ ಸರಿಸಬೇಕು.